ಒಲೆಗೆ ಹೋದ ಪುಟಗಳು

ಫೆಬ್ರವರಿ 4

ಪ್ರೀತಿಯ ಮರಿ,

ತಲುಪಿದೆ. ದೋಣಿಯಲ್ಲಿ ಎರಡು ಸಲ ವಾಂತಿಯಾಯಿತು, ಮೂರನೆಯ ಸಲಕ್ಕೆ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ದೋಣಿಯವನು ಹಲ್ಲು ಕಿರಿದು, "ಮೊದಲ್ನೇ ಸಲ ಎಲ್ರಿಗೂ ಹೀಗೇ ಮೇಡಂ, ಎರಡ್ನೇ ಸಲ ಇನ್ನೂ ಜಾಸ್ತಿ" ಎಂದು ಧೈರ್ಯ ತುಂಬಿದ.

ಅಂಗೈ ಅಗಲದ ದ್ವೀಪ ಇದು. ಒಂದು ಹವಾಮಾನ ಠಾಣೆ, ಅದಕ್ಕೆ ಅಂಟಿಕೊಂಡ ಎರಡು ಕೋಣೆ, ಒಂದು ಸೌದೆ ಒಲೆ, ಸಾಕು ಸಾಕೆನ್ನಿಸುವಷ್ಟು ಗಾಳಿ. ಉಷ್ಣಮಾಪಕ ನೋಡುವುದು, ಮಳೆ ಅಳೆಯುವುದು, ಗಾಳಿ ಎತ್ತ ಕಡೆಯಿಂದ ಬೀಸುತ್ತಿದೆ ಎಂದು ಬರೆಯುವುದು, ಇಷ್ಟೇ ನನ್ನ ಕೆಲಸ. ಜೊತೆಗೆ ಹಿರಿಯ ವೀಕ್ಷಕರು ಒಬ್ಬರಿದ್ದಾರೆ. ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರಿಹೋಗುತ್ತದೋ ಎನ್ನುವ ಜಾತಿ. "ಊಟ ಆಯ್ತಾ ಸರ್?" ಎಂದರೆ "ಆರ್ದ್ರತೆ ಎಂಬತ್ತೆರಡು" ಎನ್ನುತ್ತಾರೆ. ಫೋನು ಇಲ್ಲಿ ಹಿಡಿಯುವುದೇ ಇಲ್ಲ. ವಾರಕ್ಕೊಮ್ಮೆ ದೋಣಿ. ಅಕ್ಕಿ, ಸೀಮೆಎಣ್ಣೆ, ವಾರದ ಪತ್ರಿಕೆಗಳ ಕಟ್ಟು, ಅಂಚೆ ಎಲ್ಲ ಅದರಲ್ಲೇ ಬರಬೇಕು. ಹಾಗಾಗಿ ಇನ್ನು ಮೇಲೆ ಕಾಗದವೇ ಗತಿ.

ಈಗ ವಿಷಯಕ್ಕೆ ಬರುತ್ತೇನೆ. ಪರೀಕ್ಷೆ ಬರೆಯಲು ನನಗೆ ವಯಸ್ಸು ಮೀರಿತು, ಮುಗಿಯಿತು. ನಿನಗೆ ಇನ್ನೊಂದೇ ಅವಕಾಶ ಉಳಿದಿದೆ. ಜೂನ್‌ನಲ್ಲಿ ಪ್ರಿಲಿಮ್ಸ್. ಆಡಳಿತ ಸೇವೆ ಆಡಳಿತ ಸೇವೆ ಎಂದು ಇಷ್ಟು ವರ್ಷ ಜಪಿಸಿದ್ದೇ ಬಂತು, ನಾವಿಬ್ಬರೂ ಆ ಮೊದಲ ಹೊಸ್ತಿಲನ್ನೇ ದಾಟಿಲ್ಲ. ಈ ಸಲ ನೀನು ದಾಟಲೇಬೇಕು. ನಮ್ಮ ಒಪ್ಪಂದ ಹಾಗೇ ಇರಲಿ: ಇತಿಹಾಸ, ಸಂವಿಧಾನ, ಭೂಗೋಳ ನಿನ್ನದು, ಪ್ರಚಲಿತ ವಿದ್ಯಮಾನ ನನ್ನದು. ನೀನು ಪತ್ರಿಕೆ ಮುಟ್ಟಬೇಡ. ಮುಟ್ಟಿದರೆ ಸಿನಿಮಾ ಪುಟಕ್ಕೆ ಹೋಗಿ ಠಿಕಾಣಿ ಹೂಡುತ್ತೀಯ, ನನಗೆ ಗೊತ್ತಿಲ್ಲವೇ? ಸಂಜೆ ಬಟ್ಟೆಗೆ ಇಸ್ತ್ರಿ ಹಾಕುತ್ತಾ ದಿನದ ಸುದ್ದಿಯನ್ನೆಲ್ಲ ಸೋಸಿ ಹೇಳುತ್ತಿದ್ದೆನಲ್ಲ, ಅದನ್ನೇ ಈಗ ಬರೆದು ಕಳಿಸುತ್ತೇನೆ. ಮೊದಲ ಕಂತು ಇದರ ಜೊತೆಗಿದೆ.

ಸೋಸುವ ನಿಯಮವೂ ಹಳೆಯದೇ. ದೇಶ, ವಿದೇಶ, ಆರ್ಥಿಕತೆ, ಪರಿಸರ, ಸರ್ಕಾರದ ಯೋಜನೆ, ಇಷ್ಟು ಒಳಗೆ. ಸ್ಥಳೀಯ ಪುಟಗಳು, ಅಂದರೆ ನಲ್ಲಿ ಬರಲಿಲ್ಲ, ಗೋಡೆ ಬಿತ್ತು, ಅಧ್ಯಕ್ಷರು ಭಾಷಣ ಮಾಡಿದರು, ಅವೆಲ್ಲ ಓದದೆಯೇ ಆಚೆಗೆ. ಪರೀಕ್ಷೆಗೆ ಬರದೇ ಇರುವುದು ನಮ್ಮ ಪಾಲಿಗೆ ನಡೆದೇ ಇಲ್ಲ. ಇಲ್ಲಿ ಒಲೆ ಹಚ್ಚುವುದಕ್ಕೆ ಕಾಗದ ಬೇಕು, ಒಳ್ಳೆಯದೇ ಆಯಿತು.

ಬಾಡಿಗೆ ಹಂಚಿಕೊಳ್ಳಲು ನನ್ನ ಮಂಚಕ್ಕೆ ಬೇರೆ ಯಾರನ್ನೂ ಸೇರಿಸಿಕೊಳ್ಳಬೇಡ ಎಂದು ಹೇಳುವ ಹಕ್ಕು ನನಗಿಲ್ಲ. ಆದರೂ ಹೇಳುತ್ತೇನೆ, ಸೇರಿಸಿಕೊಳ್ಳಬೇಡ.

ಅಕ್ಕ


ಫೆಬ್ರವರಿ 19

ಅಕ್ಕಾ,

ಕಾಗದ ಬಂತು. ವಾಂತಿಯ ಭಾಗವನ್ನು ಎರಡು ಸಲ ಓದಿದೆ, ಖುಷಿಯಾಯಿತು. ನನ್ನನ್ನು ಒಬ್ಬಳನ್ನೇ ಬಿಟ್ಟು ಹೋದವಳಿಗೆ ಅಷ್ಟಾದರೂ ಆಗಬೇಡವೇ?

ನಿನ್ನ ಮಂಚದ ಮೇಲೆ ಈಗ ಪುಸ್ತಕಗಳು ಮಲಗಿವೆ. ಅವು ನಿನ್ನಷ್ಟು ಗೊರಕೆ ಹೊಡೆಯುವುದಿಲ್ಲ. ಕೆಳಗಿನ ಟೀ ಅಂಗಡಿಯ ಬೋಳಣ್ಣ ನನ್ನನ್ನು ನೋಡಿದ ಕೂಡಲೇ ಅಭ್ಯಾಸಬಲದಿಂದ ಎರಡು ಲೋಟ ತುಂಬಿಸಿಬಿಡುತ್ತಾನೆ. "ಒಂದು ಸಾಕು ಅಣ್ಣ" ಎಂದರೆ ಅವನ ಮುಖ ಸಪ್ಪಗಾಗುತ್ತದೆ. ಅದಕ್ಕೇ ಎರಡನ್ನೂ ನಾನೇ ಕುಡಿಯುತ್ತೇನೆ. ಇಬ್ಬರ ಟೀ ಕುಡಿದು ಒಬ್ಬಳು ನಿದ್ದೆಗೆಡುತ್ತಿದ್ದೇನೆ.

ನಿನ್ನ ಟಿಪ್ಪಣಿ ಚೆನ್ನಾಗಿದೆ. ಜೋರಾಗಿ ಓದಿಕೊಂಡೆ, ನಿನ್ನ ಧ್ವನಿಯಲ್ಲಿ. ಅಣಕಿಸಿದ್ದಲ್ಲ. ಸುದ್ದಿ ನಿನ್ನ ಬಾಯಿಂದ ಬಂದರೆ ಮಾತ್ರ ನನ್ನ ತಲೆಗೆ ಇಳಿಯುತ್ತದೆ, ಏನು ಮಾಡಲಿ. ಊರಿಂದ ನಮ್ಮಣ್ಣ ಮೊನ್ನೆ ಫೋನ್ ಮಾಡಿದ್ದ. "ಇದೇ ಕೊನೇದು. ಆಗ್ಲಿಲ್ಲ ಅಂದ್ರೆ ನಾನೇ ಬಂದು ನಿನ್ನ ಪೆಟ್ಟಿಗೆ ಹೊತ್ಕೊಂಡು ಹೋಗ್ತೀನಿ, ಆಮೇಲೆ ಅಳ್ಬೇಡ" ಎಂದ. ಹಿಂದಿನಿಂದ ಅತ್ತಿಗೆ, "ಪಾಪ, ಓದ್ಲಿ ಬಿಡ್ರೀ" ಎನ್ನುತ್ತಿದ್ದರು. ಆ 'ಪಾಪ' ಇದೆಯಲ್ಲ ಅಕ್ಕ, ಅದು ಅಣ್ಣನ ಬೈಗುಳಕ್ಕಿಂತ ಜಾಸ್ತಿ ಚುಚ್ಚುತ್ತದೆ.

ಬೇರೆ ವಿಶೇಷವೇನಿಲ್ಲ. ನಮ್ಮ ಓಣಿಯಲ್ಲಿ ಮೂರು ಜನ ಟೇಪು ಹಿಡಿದು ಅಳೆಯುತ್ತಿದ್ದರು. ಮನೆ ಮಾಲೀಕಿ ಅಜ್ಜಿ ಏನು ಎತ್ತ ಎಂದು ವಿಚಾರಿಸಿದರೆ, ನೀರು ಇಸಿದುಕೊಂಡು ಕುಡಿದು, ಏನೂ ಹೇಳದೆ ಹೋದರು.

ಮರಿ


ಮಾರ್ಚ್ 5

ಮರಿ,

ಎರಡು ಲೋಟ ಟೀ ಕುಡಿಯಬೇಡ, ಆಮೇಲೆ ಹೊಟ್ಟೆ ಹಿಡಿದುಕೊಂಡು ಪರೀಕ್ಷೆಗೆ ಹೋಗುತ್ತೀಯ. ಓಣಿ ಅಳೆದದ್ದು ಹೊಸ ಪೈಪು ಹಾಕುವುದಕ್ಕಿರಬೇಕು. ಅಬ್ಬಾ, ಕೊನೆಗೂ! ನಾನು ಅಲ್ಲಿದ್ದಷ್ಟು ವರ್ಷವೂ ಮೂರನೆಯ ಮಹಡಿಗೆ ಕೊಡ ಹೊತ್ತು ಸೊಂಟ ಮುರಿದುಕೊಂಡೆ, ನಾನು ಈ ಕಡೆ ಹೊರಟ ಮೇಲೆ ಪೈಪು. ನನ್ನ ಅದೃಷ್ಟವೇ ಅಷ್ಟು.

ಈ ವಾರದ ಟಿಪ್ಪಣಿಯಲ್ಲಿ ನಕ್ಷತ್ರ ಹಾಕಿದ್ದನ್ನು ಬಾಯಿಪಾಠ ಮಾಡು. ನಗರ ನವೀಕರಣ ಯೋಜನೆ. ಇದು ಪ್ರಶ್ನೆಯಾಗಿ ಬಂದೇ ಬರುತ್ತದೆ, ಬೇಕಾದರೆ ಬರೆದಿಟ್ಟುಕೋ. ಹನ್ನೆರಡು ನಗರಗಳಲ್ಲಿ ಹಳೆಯ ಇಕ್ಕಟ್ಟು ಬಡಾವಣೆಗಳನ್ನು ತೆರವು ಮಾಡಿ ಅಗಲ ರಸ್ತೆ, ಉದ್ಯಾನ, ಎತ್ತರದ ವಸತಿ ಸಮುಚ್ಚಯ. ಉದ್ದೇಶ ಮೂರು, ಹಣಕಾಸು ವ್ಯವಸ್ಥೆ ಎರಡು ಬಗೆಯದು, ಕೆಳಗೆ ಬಿಡಿಸಿ ಬರೆದಿದ್ದೇನೆ. ಪ್ರಯೋಜನಗಳನ್ನು ಆರು ಅಂಶಗಳಲ್ಲಿ ಕೊಟ್ಟಿದ್ದೇನೆ. ಸವಾಲುಗಳಿಗೆ ಒಂದೇ ಸಾಲು ಸಾಕು: 'ಕೆಲವರ ಸ್ಥಳಾಂತರ.' ಬಹಳ ಅಂದವಾದ ಯೋಜನೆ ಕಣೆ. ಓದುತ್ತಾ ಓದುತ್ತಾ ನನಗೇ ಅಲ್ಲಿ ಹೋಗಿ ಇರೋಣವೇ ಎನ್ನಿಸಿತು.

ಇಲ್ಲಿ ಸಂಜೆಯಾದರೆ ನನಗೆ ನಮ್ಮ ಕೋಣೆಯದೇ ಧ್ಯಾನ. ಈಗ ಅವಳು ಕಿಟಕಿ ಮುಚ್ಚಿದಳು, ಈಗ ದೀಪ ಹಾಕಿದಳು, ಈಗ ಪುಸ್ತಕ ಮಡಿಚಿ ಬೆರಳು ಸಂದಿಯಲ್ಲಿಟ್ಟು ಕನಸು ಕಾಣುತ್ತಿದ್ದಾಳೆ ಕತ್ತೆ, ಎಂದೆಲ್ಲ ಇಲ್ಲಿಂದಲೇ ನೋಡುತ್ತಿರುತ್ತೇನೆ. ಹಿರಿಯರು ಇವತ್ತು ಆರ್ದ್ರತೆಯ ಜೊತೆಗೆ ಗಾಳಿಯ ವೇಗವನ್ನೂ ಹೇಳಿದರು. ಸಲುಗೆ ಬೆಳೆಯುತ್ತಿದೆ.

ಅಕ್ಕ


ಮಾರ್ಚ್ 23

ಅಕ್ಕಾ,

ತಡವಾಯಿತು, ಬೈಯಬೇಡ. ಇನ್ನು ಮುಂದೆ ಕಾಗದವನ್ನು ಮೂಲೆಯ ಜೆರಾಕ್ಸ್ ಅಂಗಡಿಯಮ್ಮನ ವಿಳಾಸಕ್ಕೆ ಹಾಕು. ನಮ್ಮ ಅಂಚೆ ಡಬ್ಬಿಯ ಮುಚ್ಚಳ ಕಿತ್ತುಹೋಗಿದೆ. ಗಾಳಿ ಬಂದರೆ ಕಾಗದಗಳೆಲ್ಲ ಓಣಿಯಲ್ಲಿ ಮೆರವಣಿಗೆ ಹೊರಡುತ್ತವೆ.

ನವೀಕರಣ ಯೋಜನೆ ಬಾಯಿಪಾಠವಾಯಿತು. ಆರು ಪ್ರಯೋಜನಗಳನ್ನು ಹಿಂದಿನಿಂದ ಮುಂದಕ್ಕೂ ಹೇಳಬಲ್ಲೆ. ಒಂದೇ ಒಂದು ಸಂಶಯ. ಕೆಲವರ ಸ್ಥಳಾಂತರ ಎಂದಿದ್ದೀಯ. ಕೆಲವರು ಎಂದರೆ ಎಷ್ಟು ಜನ? ಅವರನ್ನು ಎಲ್ಲಿಗೆ ಕಳಿಸುತ್ತಾರೆ? ಪತ್ರಿಕೆಯಲ್ಲಿ ಏನಾದರೂ ಇತ್ತಾ?

ಕೋಣೆ ಹೇಗಿತ್ತೋ ಹಾಗೇ ಇದೆ. ಕಿಟಕಿ ಮುಚ್ಚುತ್ತೇನೆ, ದೀಪ ಹಾಕುತ್ತೇನೆ. ನೀನು ಅಲ್ಲಿಂದಲೇ ನೋಡುತ್ತಿರು.

ಮರಿ


ಏಪ್ರಿಲ್ 8

ಮರಿ,

ಶಭಾಷ್! ಇಂಥ ಪ್ರಶ್ನೆ ಕೇಳುವ ಬುದ್ಧಿ ನಿನಗೆ ನಾಲ್ಕು ವರ್ಷದ ಹಿಂದೆಯೇ ಬಂದಿದ್ದರೆ ಇವತ್ತು ಕಾರಿನಲ್ಲಿ ಓಡಾಡುತ್ತಿದ್ದೆ. ಪತ್ರಿಕೆ ತೆಗೆದು ಮತ್ತೆ ನೋಡಿದೆ. ಎಷ್ಟು ಜನ ಎಂದು ಬರೆದಿಲ್ಲ. 'ಸ್ಥಳಾಂತರಗೊಳ್ಳುವ ನಿವಾಸಿಗಳೆಲ್ಲರಿಗೂ ಬದಲಿ ವಸತಿ' ಎಂದಷ್ಟೇ ಇದೆ. ಅಷ್ಟು ಗೊತ್ತಿದ್ದರೆ ಧಾರಾಳ ಸಾಕು. ಅದಕ್ಕಿಂತ ಆಳಕ್ಕೆ ಇಳಿಯಬೇಡ, ಸಮಯ ಸಾಲುವುದಿಲ್ಲ.

ಒಂದು ದೂರು. ನಿನ್ನ ಅಕ್ಷರ ಯಾಕೆ ಹೀಗೆ ಕುಣಿಯುತ್ತಿದೆ? ತೊಡೆಯ ಮೇಲಿಟ್ಟು ಬರೆದ ಹಾಗಿದೆ. ಅಷ್ಟು ಒಳ್ಳೆಯ ಮೇಜು ಬಿಟ್ಟು ಬಂದಿದ್ದೇನೆ, ಅದರ ಮೇಲೆ ಏನು ಗುಡ್ಡೆ ಹಾಕಿದ್ದೀಯ? ಮೊದಲು ಅದನ್ನು ತೆಗೆ. ಕಾಗದವೂ ಚಿಕ್ಕದಾಗುತ್ತಿದೆ. ಓದುವುದು ಜಾಸ್ತಿ ಇದೆ ಎಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತೇನೆ, ಆದರೆ ಹೊಟ್ಟೆಯೊಳಗೆ ಸ್ವಲ್ಪ ಉರಿಯುತ್ತದೆ. ವಾರವೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದೋಣಿ ಕಾಯುವವಳಿಗೆ ಅರ್ಧ ಹಾಳೆ ಕಳಿಸಿದರೆ ಹೇಗೆ?

ಹಿರಿಯರು ಕ್ಷೇಮ. ನಿನ್ನನ್ನು ಕೇಳಿದೆನೆಂದು ಹೇಳಲು ಹೇಳಿದರು.

ಅಕ್ಕ


ಏಪ್ರಿಲ್ 26

ಮರಿ,

ಇವತ್ತು ಬೆಳಿಗ್ಗೆ ಒಲೆ ಹಚ್ಚೋಣವೆಂದು ಮೂಲೆಯಲ್ಲಿ ಪೇರಿಸಿಟ್ಟ ಸ್ಥಳೀಯ ಪುಟಗಳಲ್ಲಿ ಒಂದನ್ನು ಎಳೆದೆ. ಒದ್ದೆಯಾಗಿತ್ತು, ಬೆಂಕಿ ಹತ್ತಲಿಲ್ಲ. ಊದಿ ಊದಿ ಸಾಕಾಗಿ ಅದನ್ನು ಬಿಡಿಸಿ ನೋಡಿದೆ. ಅರ್ಧ ಕೆಡವಿದ ಒಂದು ಮನೆಯ ಚಿತ್ರ. ಹೊರಗೋಡೆ ಇಲ್ಲ, ಮೂರನೆಯ ಮಹಡಿಯ ಒಳಗೋಡೆ ಬೀದಿಗೆ ಕಾಣುತ್ತಿದೆ. ಅದರ ಮೇಲೆ ಒಂದು ಪ್ರಪಂಚದ ಭೂಪಟ. ಎಡಗಡೆ ಕೆಳಗೆ ಹರಿದದ್ದಕ್ಕೆ ನಾನೇ ಪಟ್ಟಿ ಅಂಟಿಸಿದ್ದು ಕಾಣುತ್ತಿದೆ.

ಪತ್ರಿಕೆ ಮಾರ್ಚ್ ತಿಂಗಳದು.

ಎಲ್ಲಿದ್ದೀಯ? ಎಲ್ಲಿ ಮಲಗುತ್ತಿದ್ದೀಯ? ಊಟಕ್ಕೆ ಏನು ಮಾಡುತ್ತಿದ್ದೀಯ? ಬೇರೇನೂ ಬರೆಯಬೇಡ, ಅದೊಂದನ್ನು ಬರೆ.

ಅಕ್ಕ


ಮೇ 8

ಅಕ್ಕ,

ಸರಿ, ಕೇಳು ಹಾಗಾದರೆ.

ನೋಟೀಸು ಅಂಟಿಸಿದ್ದು ನೀನು ಹೋದ ಮಾರನೆಯ ವಾರ. ಟೇಪು ಹಿಡಿದವರು ಬಂದಾಗಲೇ ನನಗೆ ಗೊತ್ತಿತ್ತು. ಅಜ್ಜಿಗೆ ಊರಾಚೆ ಒಂದು ವಸತಿಗೆ ಚೀಟಿ ಸಿಕ್ಕಿತು, ಅದು ಕೈಗೆ ಬರುವವರೆಗೆ ಎಂದು ಮಗಳ ಮನೆಗೆ ಹೋದರು. ಬೋಳಣ್ಣ ಒಲೆ, ಬಾಂಡಲೆ ಎಲ್ಲ ಗಾಡಿಗೆ ಹೇರಿಕೊಂಡು ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ. ನಾನೂ ಚೀಟಿಯ ಸಾಲಿನಲ್ಲಿ ನಿಂತೆ. ಮೇಜಿನ ಹಿಂದೆ ಕೂತಿದ್ದವನು ಒಳ್ಳೆಯವನೇ, ಗದರಲೂ ಇಲ್ಲ. "ಬಾಡಿಗೆಗೆ ಇರೋರು ನಿವಾಸಿಗಳ ಲೆಕ್ಕಕ್ಕೆ ಬರಲ್ಲಮ್ಮ" ಎಂದ. "ನಾಲ್ಕು ವರ್ಷದಿಂದ ಇಲ್ಲೇ ಇದ್ದೀನಿ ಸರ್" ಎಂದೆ. "ನೀವು ಇಲ್ಲಿ ವಾಸ ಮಾಡ್ತಾ ಇಲ್ಲ, ಓದ್ತಾ ಇದ್ದೀರಿ. ಮುಂದಿನೋರು ಬನ್ನಿ" ಎಂದ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಿನ್ನ ಟಿಪ್ಪಣಿ ತೆಗೆದೆ. ಅವತ್ತೇ ಬಂದಿತ್ತು ನೋಡು. ಪ್ರಯೋಜನಗಳು ಆರು. ಸವಾಲು, ಕೆಲವರ ಸ್ಥಳಾಂತರ. ಆ ಕೆಲವರಲ್ಲೂ ನಾನಿಲ್ಲ ಅಕ್ಕ! ನಿನ್ನ ಆ ಒಂದು ಸಾಲಿನಲ್ಲೂ ನನಗೆ ಜಾಗವಿಲ್ಲ. ಅಂದವಾದ ಯೋಜನೆ ಎಂದಿದ್ದೆ. ಅಲ್ಲೇ ಹೋಗಿ ಇರೋಣ ಎನ್ನಿಸುತ್ತದೆ ಎಂದಿದ್ದೆ. ಕೋಪ ಬಂತು ಎಂದರೆ ಕಡಿಮೆ. ಹರಿದು ಬಿಸಾಡಬೇಕು ಎನ್ನಿಸಿತು. ಹರಿಯಲಿಲ್ಲ, ಬಾಯಿಪಾಠ ಮಾಡಿದೆ. ಪರೀಕ್ಷೆಗೆ ಬರುತ್ತದೆ ಎಂದು ಹೇಳಿದ್ದೆಯಲ್ಲ.

ಈಗ ಜೆರಾಕ್ಸ್ ಅಂಗಡಿಯ ಹಿಂದೆ, ಹಾಳೆಯ ಕಟ್ಟುಗಳನ್ನು ಪೇರಿಸುವ ಜಾಗದಲ್ಲಿದ್ದೇನೆ. ಅಂಗಡಿಯಮ್ಮ, "ಕಾಲು ಪೂರ್ತಿ ಚಾಚೋಕಾಗಲ್ಲ, ಆದ್ರೆ ಯಾರೂ ಎಬ್ಸಲ್ಲ" ಎಂದು ಕರೆದುಕೊಂಡರು. ಕಾಲು ಚಾಚಲಾಗುವುದಿಲ್ಲ, ನಿಜ. ಬಿಡುವಿದ್ದಾಗ ಅವರಿಗೆ ಪುಟ ಜೋಡಿಸಿ ಕೊಡುತ್ತೇನೆ. ಎಲ್ಲ ಹುಡುಗರೂ ತರುವುದು ಅವೇ ಟಿಪ್ಪಣಿಗಳು, ಅವೇ ಯೋಜನೆಗಳು. ದಿನವಿಡೀ ಬಿಸಿ ಬಿಸಿ ಹಾಳೆಗಳು ಬೀಳುತ್ತಿರುತ್ತವೆ. ಮೇಜಿಲ್ಲ. ತೊಡೆಯ ಮೇಲಿಟ್ಟೇ ಬರೆಯುವುದು, ನೀನು ಕಂಡುಹಿಡಿದೆ. ಭೂಪಟ ಕೀಳಲು ನೋಡಿದೆ, ನೀನು ಯಾವ ಗೋಂದು ಹಾಕಿದ್ದೆಯೋ ಮಾರಾಯ್ತಿ, ಬರಲೇ ಇಲ್ಲ.

ಯಾಕೆ ಹೇಳಲಿಲ್ಲ ಎಂದು ಬೈಯುತ್ತೀಯ. ನಿನ್ನ ಪ್ರತಿ ಕಾಗದದಲ್ಲೂ ನೀನು ಆ ಕೋಣೆಯಲ್ಲೇ ಕೂತಿದ್ದೆ. ಕಿಟಕಿ ಮುಚ್ಚಿದಳು, ದೀಪ ಹಾಕಿದಳು ಎಂದು ಬರೆಯುತ್ತಿದ್ದೆ. ನಿನ್ನನ್ನು ಅಲ್ಲಿಂದ ಹೇಗೆ ಹೊರಗೆ ಹಾಕಲಿ? ನನ್ನನ್ನು ಹಾಕಿದ್ದು ಸಾಲದೇ?

ಇನ್ನೊಂದು ಮಾತು. ಪರೀಕ್ಷೆ ಬರೆಯಬೇಕು ಎನ್ನಿಸುತ್ತಿಲ್ಲ. ನಿನ್ನ ಟಿಪ್ಪಣಿ ತೆರೆದರೆ ನಿನ್ನ ಧ್ವನಿ ಕೇಳುವುದಿಲ್ಲ, ಆ ಮೇಜಿನವನ ಧ್ವನಿ ಕೇಳುತ್ತದೆ. ಅಣ್ಣನಿಗೆ ಬಾ ಎಂದು ಹೇಳಿಬಿಡಲೇ ಎಂದು ಯೋಚಿಸುತ್ತಿದ್ದೇನೆ.

ಮರಿ


ಮೇ 17

ಮರಿ,

ನಿನ್ನೆ ಬಂದು ರಾತ್ರಿ ಇಲ್ಲೇ ಉಳಿದ ದೋಣಿಯವನು ದಡದಲ್ಲಿ ಕಾಯುತ್ತಿದ್ದಾನೆ. ಸಮುದ್ರ ಕೆರಳುತ್ತಿದೆಯಂತೆ, ಇನ್ನು ಎಷ್ಟು ವಾರ ಬರಲಾಗುವುದಿಲ್ಲವೋ ಗೊತ್ತಿಲ್ಲ ಎನ್ನುತ್ತಿದ್ದಾನೆ. "ಬೇಗ ಬರೀರಿ ಮೇಡಂ, ಅಲೆ ನಿಮ್ಮ ಸಹಿಗೆ ಕಾಯಲ್ಲ" ಎಂದು ಕೂಗುತ್ತಿದ್ದಾನೆ. ಅದಕ್ಕೇ ತೋಚಿದ್ದನ್ನು ತೋಚಿದ ಹಾಗೆ ಬರೆಯುತ್ತೇನೆ.

ನಿನ್ನ ಕಾಗದ ಓದಿ ಅತ್ತೆ. ಬೈದದ್ದಕ್ಕಲ್ಲ. ಇನ್ನೂ ನಾಲ್ಕು ಬೈ, ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಕಾಲು ಚಾಚಲಾಗುವುದಿಲ್ಲ ಎಂದು ಬರೆದಿದ್ದೀಯಲ್ಲ, ಅದಕ್ಕೆ. ನಿನ್ನೆಯಿಂದ ಇಲ್ಲಿ ಮಂಚದ ಮೇಲೆ ಕಾಲು ಚಾಚಿದಾಗಲೆಲ್ಲ ಅದೇ ನೆನಪಾಗಿ ಮಡಿಚಿಕೊಳ್ಳುತ್ತಿದ್ದೇನೆ.

ಮರಿ, ನಿನ್ನ ಮನೆ ಬಿದ್ದ ಸುದ್ದಿ ನನ್ನ ಒಲೆಯ ಪಕ್ಕದಲ್ಲೇ ಇತ್ತು. ನಾನು ಅದನ್ನು ದಾಟಿಕೊಂಡು ಹೋಗಿ, ಅದೇ ಸುದ್ದಿಯ ದೊಡ್ಡ ಪುಟ ಓದಿ, ನಿನಗೇ ಆರು ಪ್ರಯೋಜನ ಬರೆದು ಕಳಿಸಿದೆ. ಒಂದಕ್ಷರವೂ ತಪ್ಪಿಲ್ಲದ ಟಿಪ್ಪಣಿ ಅದು. ಈ ಸೋಸುವ ವಿದ್ಯೆ ಕಲಿಸಿದವಳೂ ನಾನೇ, ಅದರ ಬಗ್ಗೆ ಜಂಬ ಕೊಚ್ಚಿಕೊಂಡವಳೂ ನಾನೇ. ಎಷ್ಟು ದೊಡ್ಡ ಬೆಪ್ಪುತಕ್ಕಡಿ ನಾನು!

ನಾನೂ ನಿನಗೆ ಸುಳ್ಳು ಬರೆದಿದ್ದೇನೆ. ಹಿರಿಯ ವೀಕ್ಷಕರು ಇಲ್ಲಿಲ್ಲ. ಎದೆನೋವು ಬಂದು ಮಾರ್ಚ್‌ನಲ್ಲೇ ದೋಣಿ ಹತ್ತಿದರು, ಅವರ ಜಾಗಕ್ಕೆ ಇನ್ನೂ ಯಾರನ್ನೂ ಕಳಿಸಿಲ್ಲ. ನಿನ್ನನ್ನು ಕೇಳಿದರು ಎಂದು ಬರೆದದ್ದೆಲ್ಲ ನಾನೇ ಹುಟ್ಟಿಸಿದ್ದು. ಒಬ್ಬಳೇ ಇದ್ದೇನೆ ಎಂದರೆ ನೀನು ಓದುವುದು ಬಿಟ್ಟು ಕೊರಗುತ್ತೀಯ ಎಂದುಕೊಂಡೆ. ಆರ್ದ್ರತೆ ಎಷ್ಟು ಎಂದು ಹೇಳುವವರೂ ಇಲ್ಲದ ಮೇಲೆ ಗೊತ್ತಾಯಿತು, ಅದೂ ಒಂದು ಮಾತುಕತೆಯೇ ಆಗಿತ್ತು. ಸಂಜೆ ಖಾಲಿ ಕುರ್ಚಿಗೆ ಪತ್ರಿಕೆ ಓದಿ ಹೇಳುತ್ತೇನೆ. ನಗಬೇಡ. ನಕ್ಕರೂ ಪರವಾಗಿಲ್ಲ.

ಈ ಸಲ ಟಿಪ್ಪಣಿ ಕಳಿಸುತ್ತಿಲ್ಲ. ಇನ್ನು ಮೇಲೆ ನೀನೇ ಪತ್ರಿಕೆ ಓದು. ಎಲ್ಲ ಪುಟವೂ ಓದು, ಸಿನಿಮಾ ಪುಟವನ್ನೂ ಓದು. ನನ್ನ ಧ್ವನಿ ಬೇಡ, ಆ ಮೇಜಿನವನದೂ ಬೇಡ.

ಆದರೆ ಪರೀಕ್ಷೆ ಬರೆ. ನನಗೋಸ್ಕರ ಬೇಡ, ನಿನಗೋಸ್ಕರ ಬರೆ ಎಂದು ಹೇಳಬೇಕು ಎಂದುಕೊಂಡಿದ್ದೆ. ಸುಳ್ಳು ಯಾಕೆ, ನನಗೋಸ್ಕರವೇ ಬರೆ. ನೀನೂ ಬಿಟ್ಟುಬಿಟ್ಟರೆ ನಾನು ಇಷ್ಟು ವರ್ಷ ಯಾರಿಗಾಗಿ ಓದಿದೆ? ಪಾಸಾಗದಿದ್ದರೆ ಬೇಡ, ಹೋಗಿ ಕೂತು ಬಾ. ಅಣ್ಣ ಬಂದರೆ ಗೇಟಿನ ಹತ್ತಿರ ಕೂರಿಸು, ಪೆಟ್ಟಿಗೆ ಅವನ ಹತ್ತಿರವೇ ಇರಲಿ.

ಇವನು ಮತ್ತೆ ಕೂಗುತ್ತಿದ್ದಾನೆ. ಮುಗಿಸುತ್ತೇನೆ.

ಅಕ್ಕ


ಜೂನ್ 10

ಅಕ್ಕ,

ನಿನ್ನ ಕಾಗದ ಪರೀಕ್ಷೆಗೆ ಎರಡು ದಿನ ಮೊದಲು ಸಿಕ್ಕಿತು. ದೋಣಿ ನಿಂತಿದೆ ಎಂದು ಗೊತ್ತು. ಇದು ನಿನಗೆ ಯಾವಾಗ ಸಿಗುತ್ತದೋ, ಆದರೂ ಬರೆಯುತ್ತೇನೆ.

ಪರೀಕ್ಷೆ ಬರೆದೆ. ಅಣ್ಣ ನಿಜವಾಗಿಯೂ ಬಂದಿದ್ದ. ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಗೇಟಿನ ಹತ್ತಿರ ಮರದ ಕೆಳಗೆ ಕೂತಿದ್ದ, ಮದುವೆಗೆ ತಪ್ಪು ದಿನ ಬಂದ ನೆಂಟನ ಹಾಗೆ. ಹಾಳೆಯ ಕಟ್ಟುಗಳ ನಡುವೆ ನಾನು ಮಲಗುವ ಜಾಗ ನೋಡಿದವನು ಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡಿದ್ದ. ಒಳಗೆ ಹೋಗುವಾಗ, "ನಿಧಾನ ಬರಿ, ನನಗೇನೂ ಅವಸರ ಇಲ್ಲ" ಎಂದ. ಅಣ್ಣ ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ನೀನು ಹೇಳಿದ ಹಾಗೆಯೇ ಆ ಪ್ರಶ್ನೆ ಬಂತು ಅಕ್ಕ. ನಗರ ನವೀಕರಣ ಯೋಜನೆಗೆ ಸಂಬಂಧಿಸಿದ ಹೇಳಿಕೆಗಳನ್ನು ಗಮನಿಸಿ. ಒಂದು, ಹನ್ನೆರಡು ನಗರಗಳು. ಎರಡು, ಸ್ಥಳಾಂತರಗೊಳ್ಳುವ ನಿವಾಸಿಗಳೆಲ್ಲರಿಗೂ ಬದಲಿ ವಸತಿ. ಇವುಗಳಲ್ಲಿ ಯಾವುದು ಸರಿ? ಒಂದು ಮಾತ್ರ, ಎರಡು ಮಾತ್ರ, ಎರಡೂ, ಯಾವುದೂ ಅಲ್ಲ.

ಒಂದು ಮಾತ್ರ ಎಂದು ಗುರುತು ಹಾಕಿಬಿಡಲೇ ಎನ್ನಿಸಿತು. ಒಂದು ಸಲವಾದರೂ ಒಂದು ಸರ್ಕಾರಿ ಹಾಳೆಯ ಮೇಲೆ ನಾನು ಅಲ್ಲಿದ್ದೆ ಎಂದು ಹೇಳಿದ ಹಾಗಾಗುತ್ತದೆ. ಯಾರು ಓದುತ್ತಾರೆ, ಯಂತ್ರ ಓದುತ್ತದೆ. ತಪ್ಪು ಎಂದು ಅಂಕ ಕಳೆಯುತ್ತದೆ, ಅಷ್ಟೇ. ಆಮೇಲೆ ಯೋಚಿಸಿದೆ, ನಾನು ನಿವಾಸಿಯೇ ಅಲ್ಲವಲ್ಲ, ಹಾಗಾದರೆ ಹೇಳಿಕೆ ಸರಿಯಾಗಿಯೇ ಇದೆ! ಹಾಲ್‌ನಲ್ಲಿ ನಗು ಬಂದುಬಿಟ್ಟಿತು. ಮೇಲ್ವಿಚಾರಕಿ ಕಣ್ಣು ಬಿಟ್ಟು ನೋಡಿದರು. ಎರಡೂ ಸರಿ ಎಂದು ಗುರುತು ಹಾಕಿದೆ. ಕೈ ನಡುಗಲಿಲ್ಲ. ಅದೇ ಬೇಜಾರು. ಸ್ವಲ್ಪವಾದರೂ ನಡುಗಬೇಕಿತ್ತು.

ಹೊರಗೆ ಬಂದ ಮೇಲೆ ಅಣ್ಣನ ಹೆಗಲಿಗೆ ಮುಖ ಒತ್ತಿ ಅತ್ತೆ. ಪೇಪರ್ ಕಷ್ಟವಿತ್ತೆಂದು ತಿಳಿದು, "ಹೋಗ್ಲಿ ಬಿಡೇ, ಹೋಗ್ಲಿ ಬಿಡು" ಎನ್ನುತ್ತಿದ್ದ. ಪೇಪರ್ ಸುಲಭವಿತ್ತು ಎಂದು ಅವನಿಗೆ ಹೇಗೆ ಹೇಳಲಿ?

ಒಬ್ಬಳೇ ಇದ್ದೀಯ ಎಂದು ಓದಿದ ಮೇಲೆ ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು, ಹಿರಿಯರು ಬರುವ ಸಾಲುಗಳನ್ನು ಮತ್ತೆ ಓದಿದೆ. ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತೀಯ, ಕಳ್ಳಿ. ನನಗೆ ಅವರೆಂದರೆ ಇಷ್ಟವಾಗಿಬಿಟ್ಟಿತ್ತು.

ಫಲಿತಾಂಶದವರೆಗೆ ಅಣ್ಣನ ಮನೆಯಲ್ಲಿರುತ್ತೇನೆ. ವಿಳಾಸ ಹಿಂದೆ ಬರೆದಿದ್ದೇನೆ. ನನಗೆ ಸುದ್ದಿ ಕಳಿಸಬೇಡ. ನೀನು ಬೆಳಿಗ್ಗೆ ಎದ್ದು ಏನು ಮಾಡಿದೆ, ಏನು ತಿಂದೆ, ಅದನ್ನು ಬರೆ.

ಮರಿ


ಜುಲೈ 16

ಅಕ್ಕಾ,

ಪಾಸಾದೆ!

ಪಟ್ಟಿಯಲ್ಲಿ ನನ್ನ ನಂಬರಿದೆ. ಅಣ್ಣ ಮೂರು ಸಲ ನೋಡಿದ, ಅತ್ತಿಗೆ ಕನ್ನಡಕ ಹಾಕಿಕೊಂಡು ನೋಡಿದರು. 'ಪಾಪ' ಎನ್ನಲಿಲ್ಲ. ಮೇನ್ಸ್ ಇದೆ, ಅದರ ಮುಂದೆ ಇದು ಏನೂ ಅಲ್ಲ, ಗೊತ್ತು. ಆದರೂ ಹೊಸ್ತಿಲು ದಾಟಿದೆ.

ನಂಬರು ಕಂಡ ಕೂಡಲೇ ಮೂರನೆಯ ಮಹಡಿಯ ಮೆಟ್ಟಿಲು ಹತ್ತಿ ಓಡಿಬಂದು ನಿನ್ನನ್ನು ಎಬ್ಬಿಸಬೇಕು ಎನ್ನಿಸಿತು. ನೀನೂ ಇಲ್ಲ, ಮೆಟ್ಟಿಲೂ ಇಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಆ ಪರೀಕ್ಷೆ ಎಂದರೆ ಏನು ಎಂದು ಗೊತ್ತಿರುವವರು ಒಬ್ಬರೂ ಇಲ್ಲ. ಕಾಲು ಪೂರ್ತಿ ಚಾಚಿ ಮಲಗಿದ್ದೇನೆ, ನಿದ್ದೆ ಬರುತ್ತಿಲ್ಲ.

ಮರಿ


ಜುಲೈ 30

ಮರಿ,

ಇವತ್ತು ದೋಣಿ ಬಂತು. ನಿನ್ನ ಎರಡೂ ಕಾಗದ ಒಟ್ಟಿಗೇ ಸಿಕ್ಕವು. ಮೇಲಿದ್ದದ್ದನ್ನೇ ಮೊದಲು ಒಡೆದೆ, ಹಾಗಾಗಿ ಪಾಸಾದದ್ದು ಮೊದಲು ಗೊತ್ತಾಯಿತು, ಬರೆದದ್ದು ಆಮೇಲೆ. ದೋಣಿಯವನಿಗೆ ಹೇಳೋಣವೆಂದು ಓಡಿದೆ. ಅವನಾಗಲೇ ಅಲೆಗಳಾಚೆ ಇದ್ದ. ಕೈ ಬೀಸಿದೆ, ಅವನೂ ಬೀಸಿದ. ಮೂಟೆ ತಲುಪಿತು ಎಂದುಕೊಂಡಿರಬೇಕು.

ಬೆಳಿಗ್ಗೆ ಎದ್ದು ಏನು ಮಾಡಿದೆ ಎಂದು ಕೇಳಿದ್ದೀಯ. ಎದ್ದೆ. ಮಳೆ ಅಳೆದೆ. ಗಂಜಿ ಕುಡಿದೆ, ಉಪ್ಪು ಜಾಸ್ತಿಯಾಗಿತ್ತು. ನೀನು ಎರಡೂ ಸರಿ ಎಂದು ಗುರುತು ಹಾಕಿದ್ದಕ್ಕೆ ನಾನು ಏನೂ ಹೇಳುವುದಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಅದನ್ನೇ ಹಾಕುತ್ತಿದ್ದೆ. ನನಗೆ ನಗುವೂ ಬರುತ್ತಿರಲಿಲ್ಲ.

ಈಗ ಸಂಜೆ ನಡೆದದ್ದನ್ನು ಬರೆಯುತ್ತೇನೆ. ಇಲ್ಲಿ ಒಂದು ರೇಡಿಯೋ ಇದೆ, ಮುಖ್ಯ ಕಚೇರಿಗೆ ರೀಡಿಂಗ್ ಕೊಡುವುದಕ್ಕೆ. ಬೇರೆ ಒಂದಕ್ಷರ ಮಾತಾಡಕೂಡದು. ಆ ಕಡೆ ಕೂತಿರುವವನ ಮುಖ ನಾನು ನೋಡಿಲ್ಲ, ಹೆಸರೂ ಗೊತ್ತಿಲ್ಲ. ಇವತ್ತು ಉಷ್ಣತೆ ಹೇಳಿದೆ, ಗಾಳಿ ನೈಋತ್ಯ ಎಂದೆ, ಆರ್ದ್ರತೆ ತೊಂಬತ್ತೊಂದು ಎಂದೆ. ಆಮೇಲೆ ಬಾಯಿ ತಡೆಯಲಿಲ್ಲ, "ನಮ್ಮ ಮರಿ ಪಾಸಾದ್ಲು" ಎಂದೆ.

"ಕೊನೇ ರೀಡಿಂಗ್ ಸರಿಯಾಗಿ ಕೇಳಿಸ್ಲಿಲ್ಲ. ಮತ್ತೆ ಹೇಳಿ."

"ನಮ್ಮ ಮರಿ ಪಾಸಾದ್ಲು ಅಂದೆ. ಪ್ರಿಲಿಮ್ಸು."

"ಮೇಡಂ, ಇದನ್ನ ಯಾವ ಕಾಲಮ್‌ನಲ್ಲಿ ಬರ್ಕೊಳ್ಲಿ?"

"ಎಲ್ಲೂ ಬರ್ಕೊಬೇಡಿ. ಯಾರಿಗಾದ್ರೂ ಹೇಳ್ಬೇಕಿತ್ತು, ಹೇಳ್ದೆ."

ಅವನು ಗದರುತ್ತಾನೆ ಎಂದುಕೊಂಡೆ. ಗದರಲಿಲ್ಲ. ಧ್ವನಿ ತಗ್ಗಿಸಿ, "ಒಳ್ಳೇದಾಯ್ತು ಮೇಡಂ. ಅವರು ನಿಮ್ಗೆ ಏನಾಗ್ಬೇಕು?" ಎಂದ.

ಏನೆಂದು ಹೇಳಲಿ ಮರಿ? ಒಂದೇ ಕೋಣೆಯಲ್ಲಿದ್ದವರು ಎನ್ನೋಣವೆಂದರೆ ಕೋಣೆಯೇ ಇಲ್ಲ. ಜೊತೆಯಲ್ಲಿ ಓದುವವರು ಎನ್ನೋಣವೆಂದರೆ ನನ್ನ ಓದು ಮುಗಿದುಹೋಯಿತು. ಏನೂ ಆಗಬೇಕಾಗಿಲ್ಲ ಎನ್ನಲು ಬಾಯಿ ಬರಲಿಲ್ಲ.

"ತಂಗಿ" ಎಂದೆ.

ಇಷ್ಟು ವರ್ಷ ನೀನು ನನ್ನನ್ನು ಅಕ್ಕ ಎಂದು ಕರೆದೆ, ನಾನು ಈ ಮಾತನ್ನು ಒಂದು ಸಲವೂ ಆಡಿರಲಿಲ್ಲ. ನಿನ್ನನ್ನು ಕೇಳದೆ ಹೇಳಿಬಿಟ್ಟೆ. ತಪ್ಪಾಗಿದ್ದರೆ ಬರೆದು ತಿಳಿಸು. ತಪ್ಪಾಗಿರದಿದ್ದರೂ ಬರೆ.

ಅಕ್ಕ